ಗಿರಿಜಕ್ಕ ಕೊಡೆ ಬಿಚ್ಚಿದ್ದು

ಒಬ್ಬರೇ ಅಡುಗೆ ಮಾಡಿಕೊಂಡು ಉಣ್ಣುವವರಿಗೆ ಗೊತ್ತಿರುತ್ತದೆ, ಕುಕ್ಕರ್ ಕೂಗುವವರೆಗಿನ ಹೊತ್ತು ಬಲು ಉದ್ದ. ನಿನ್ನೆ ಸಂಜೆ ಆ ಹೊತ್ತಿನಲ್ಲಿ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ಯಾವುದೋ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ ಎಚ್ಚರ ತಪ್ಪಿ ಬಿದ್ದಿದ್ದಾರೆ, ಪಂಚೆ ಕಳಚಿದೆ, ಚಿತ್ರ ತೆಗೆಯುವವನು ನಗುತ್ತಿದ್ದಾನೆ. ನನ್ನ ಹೆಬ್ಬೆರಳು ತನ್ನ ಪಾಡಿಗೆ ಮುಂದಿನದಕ್ಕೆ ಹೊರಟಿತ್ತು. ತಲೆಯೆತ್ತಿದರೆ ಬಾಗಿಲ ಹಿಂದಿನ ಮೊಳೆ ಕಾಣಿಸಿತು. ಬೆರಳು ನಿಂತಿತು.

ಆ ಮೊಳೆಯಲ್ಲಿ ಒಂದು ಕಾಲಕ್ಕೆ ಗಿರಿಜಕ್ಕನ ಕೊಡೆ ನೇತಾಡುತ್ತಿತ್ತು. ಸಾಗರದ ಈ ಮನೆಯ ಒಡತಿ ಅವರು. ಮುಂದಿನ ಕೋಣೆಯಲ್ಲಿ ಅವರಿದ್ದರು, ಹಿಂದಿನದರಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನಾನು. ಹಾಲಿನವನಿಂದ ಹಿಡಿದು ಬೆಕ್ಕಿನವರೆಗೆ ಅವರು ಜಗಳವಾಡದ ಜೀವವಿರಲಿಲ್ಲ. ತೀರಿಹೋದ ಗಂಡನ ಕೊಡೆಯದು, ಬಾಗಿದ ಹಿಡಿಯದ್ದು. ಯಾರಿಗೂ ಕೊಡುತ್ತಿರಲಿಲ್ಲ. ಒಮ್ಮೆ ಜಡಿಮಳೆಯಲ್ಲಿ ನಾನು ಕೇಳಿದಾಗ ಗೊಬ್ಬರದ ಚೀಲ ಚಾಚಿದರು. "ನಿಮ್ ತಲೆ ಒರ್ಸಿದ್ರೆ ಒಣಗ್ತದೆ ಮಾರಾಯ್ರೆ. ಕೊಡೆ ಹೋದ್ರೆ ವಾಪಸ್ ಬರ್ತದಾ?" ಆ ಚೀಲ ಹೊದ್ದು ನಾನು ಪೇಟೆ ದಾಟಿದ್ದನ್ನು ನನ್ನ ವಿದ್ಯಾರ್ಥಿಗಳು ಇನ್ನೂ ಮರೆತಿಲ್ಲ.

ಅಂಥ ಕೊಡೆಯನ್ನು ಅವರು ಹೊಸನಗರದ ಬಸ್ ನಿಲ್ದಾಣದಲ್ಲಿ ಬಿಚ್ಚಿದರು. ಮಳೆಯಿರಲಿಲ್ಲ, ತಲೆಯ ಮೇಲೆ ಸೂರಿತ್ತು. ಅವರ ನೆಂಟರ ಗೃಹಪ್ರವೇಶ ಮುಗಿಸಿ ನಾವಿಬ್ಬರೂ ಸಾಗರದ ಬಸ್ಸಿಗೆ ಕಾಯುತ್ತಿದ್ದೆವು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟಿದ್ದ ಒಬ್ಬ ಯುವಕ ಫಿಟ್ಸ್ ಬಂದು ಬಿದ್ದ. ಯಾರೋ ಅವನ ಮುಷ್ಟಿಗೆ ಬೀಗದಕೈ ತುರುಕಿದರು. ಅಲ್ಲಿಗೆ ಉಪಚಾರ ಮುಗಿಯಿತು, ಉಳಿದವರ ಕೈಗೆಲ್ಲ ಮೊಬೈಲು ಬಂತು. ನಾನು ಅವನನ್ನು ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಪ್ಯಾಂಟು ಒದ್ದೆಯಾಯಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ಗಿರಿಜಕ್ಕ ಕೊಡೆ ಬಿಚ್ಚಿ ಅವನಿಗೆ ಅಡ್ಡ ಹಿಡಿದರು.

"ಅಜ್ಜಿ, ಸ್ವಲ್ಪ ಸರೀರಿ, ಎಂತದೂ ಕಾಣ್ತಿಲ್ಲ," ಎಂದ ಒಬ್ಬ ಹುಡುಗ.

"ಕಾಣ್ಬಾರ್ದು ಅಂತ್ಲೇ ಹಿಡ್ದಿದ್ದು! ನಿಮ್ಮನೇಲಿ ಯಾರೂ ಬೀಳಲ್ವಾ?"

ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಮೊಬೈಲು. ಮಂಡಿನೋವಿನ ಗಿರಿಜಕ್ಕ ಅವನ ಸುತ್ತ ತಿರುಗುತ್ತಲೇ ಇದ್ದರು. ಅಷ್ಟು ಜನರಿದ್ದರೂ ಮತ್ತೊಬ್ಬರು ಕೊಡೆ ಬಿಚ್ಚಲಿಲ್ಲ. ನಮ್ಮ ಬಸ್ಸು ಬಂತು, ಜನರನ್ನು ತುಂಬಿಕೊಂಡು ಹೋಯಿತು.

ಯುವಕನಿಗೆ ಎಚ್ಚರ ಬಂತು. ಪ್ಯಾಂಟು ನೋಡಿಕೊಂಡ. ಅವನ ಮೊದಲ ಮಾತು, "ಯಾರಾದ್ರೂ ನೋಡಿದ್ರಾ?"

"ಯಾರೂ ನೋಡ್ಲಿಲ್ಲ ಮಗಾ. ನಾವಿಬ್ರೇ ಇದ್ದದ್ದು."

ಹಾಗೆಂದು ಕೊಡೆ ಮಡಿಸದೆ ಅವನ ಕೈಗಿತ್ತರು. "ಮುಂದೆ ಹಿಡ್ಕೊಂಡು ಹೋಗು." ಅವನು ಹಾಗೇ ಹಿಡಿದುಕೊಂಡು, ಹಿಂತಿರುಗಿ ನೋಡದೆ ಹೋದ. ಮುಂದಿನ ಬಸ್ಸಿನಲ್ಲಿ ಗಿರಿಜಕ್ಕ ಬರಿದಾದ ಕೈ ನೋಡಿಕೊಂಡು, "ಅವ್ರ ಕೊಡೆ ಹೋಯ್ತು," ಎಂದು ಕಿಟಕಿಯ ಕಡೆ ತಿರುಗಿ ಅತ್ತರು. ಕೊಡೆ ಮರಳಿ ಬರಲಿಲ್ಲ. ಮೊಳೆಯನ್ನು ಕೀಳಲು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ. ಈಗ ಅವರೂ ಇಲ್ಲ.

ನಿನ್ನೆಯ ವಿಡಿಯೋ ಬಂದದ್ದು ನನ್ನ ಕಾಲೇಜು ಗೆಳೆಯರ ಗುಂಪಿನಿಂದ. ಸಂಜೆಯ ಹೊತ್ತು ನನಗಿರುವ ಮಾತುಕತೆ ಅದೊಂದೇ. "ಇದನ್ನು ತೆಗೆಯಿರಿ, ಆ ಅಜ್ಜ ಯಾರದೋ ಮನೆಯವರು" ಎಂದು ಬರೆದೆ. "ಎಲ್ರೂ ನೋಡಾಯ್ತಲ್ಲ ಮಾರಾಯ, ನಿಂಗೊಬ್ನಿಗೆ ಎಂತದು ಉರಿ?" ಎಂದ ಒಬ್ಬ. ನಾನು ಮತ್ತೆ ಅದನ್ನೇ ಬರೆದೆ. ಸ್ವಲ್ಪ ಹೊತ್ತಿಗೆ ವಿಡಿಯೋ ಹೋಯಿತು. ಅದರ ಜೊತೆಗೆ ಮಾತೂ ನಿಂತಿತು. ಇವತ್ತು ಬೆಳಿಗ್ಗೆ, ದಿನವೂ ತಪ್ಪದ ಗುಲಾಬಿ ಹೂವಿನ ಶುಭೋದಯವೂ ಬರಲಿಲ್ಲ. ನನ್ನನ್ನು ಬಿಟ್ಟು ಬೇರೆ ಗುಂಪು ಮಾಡಿಕೊಂಡಿರಬೇಕು.

ಬೇಸರವಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ಮಧ್ಯಾಹ್ನ ಅನ್ನ ಬಡಿಸಿಕೊಂಡು ಮೊಳೆಯ ಎದುರಿಗೆ ಕೂತೆ. ಆ ಅಜ್ಜನಿಗೂ ಎಚ್ಚರ ಬಂದಿರುತ್ತದೆ. ಅವರೂ ಆ ಯುವಕ ಕೇಳಿದ್ದನ್ನೇ ಕೇಳಿರುತ್ತಾರೆ.

"ಯಾರೂ ನೋಡ್ಲಿಲ್ಲ ಅಜ್ಜ," ಎಂದೆ.

ಸುಳ್ಳೇ. ಆದರೂ ಗಟ್ಟಿಯಾಗಿ ಹೇಳಿದೆ.