ದಂತವೈದ್ಯರ ಸಬ್‌ವೂಫರ್

ಶಿರಸಿಯಲ್ಲಿ ನಮ್ಮ ನೆರೆಮನೆಯವರು ದಂತವೈದ್ಯರು. ದುಬಾರಿ ಸ್ಟೀರಿಯೊ ಕೊಂಡ ಮೇಲೆ ಅವರಿಗೆ ಊರಿನವರ ಹಲ್ಲಿಗಿಂತ ಸಬ್‌ವೂಫರಿನ ಚಿಂತೆಯೇ ಹೆಚ್ಚಾಯಿತು. ತಗ್ಗಿನ ಸದ್ದಿಗೆಂದೇ ಇರುವ ಆ ಪೆಟ್ಟಿಗೆಗಳನ್ನು ಹುಬ್ಬಳ್ಳಿಯ ಅಂಗಡಿಯಿಂದ ಒಂದೊಂದಾಗಿ ತರಿಸಿ, ಕಣ್ಣು ಮುಚ್ಚಿ ಕೇಳಿ, ದವಡೆ ಹಲ್ಲು ಪರೀಕ್ಷಿಸುವಂತೆ ಬೆರಳ ಗೆಣ್ಣಿನಿಂದ ಕುಟ್ಟಿ, ವಾಪಸು ಕಳಿಸುತ್ತಿದ್ದರು. "ಬಾಸ್ ಸದ್ದು ಕಿವಿಗಲ್ಲ ಮಾರಾಯಾ, ಎದೆಗೆ ತಾಗಬೇಕು" ಎಂಬುದು ಅವರ ಮಾತು. ಹಲ್ಲು ಕೀಳಿಸಿಕೊಳ್ಳಲು ಬಂದವರೂ ಬಾಯಿ ತೆರೆದುಕೊಂಡೇ ಇದನ್ನು ಕೇಳಬೇಕಿತ್ತು. ಹೀಗೆ ಐದು ಪೆಟ್ಟಿಗೆಗಳು ನಪಾಸಾದವು.

ಆರನೆಯದು ಬಂದ ಮಧ್ಯಾಹ್ನ ನನ್ನನ್ನೂ ಕರೆದರು. ಯಕ್ಷಗಾನದ ಪದ್ಯ ಹಾಕಿ, ಪೆಟ್ಟಿಗೆ ಗೋಡೆಯಿಂದ ಎಷ್ಟು ದೂರ ಇರಬೇಕೆಂದು ಟೇಪು ಹಿಡಿದು ಅಳೆಯುತ್ತಿದ್ದರು. ಅಷ್ಟರಲ್ಲಿ ಕಿವಿ ಕೇಳದ ಅವರ ತಾಯಿ ಒಳಗಿನಿಂದ ಬಂದು ಅದರ ಮೇಲೆ ಕುಳಿತೇಬಿಟ್ಟರು.

"ಆಯೀ, ಏಳು ಏಳು!" ವೈದ್ಯರು ಕೂಗಿ ಕೈಬೀಸಿದರು.

ಆಯಿ ಏಳಲಿಲ್ಲ. ಪೆಟ್ಟಿಗೆ ಅದುರಿದಂತೆಲ್ಲ ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತ್ತು. "ಮದ್ದಳೆ ಯಾರ್ದಾ ತಮಾ? ರಾಶಿ ಚೊಲೋ ಇದ್ದು" ಎಂದರು.

ವೈದ್ಯರ ಕೈಯ ಟೇಪು ಸರ್ರನೆ ಸುರುಳಿ ಸುತ್ತಿಕೊಂಡಿತು. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆಯಿಗೆಂದು ಒಂದು ಪದ್ಯ ಹಾಕಿರಲಿಲ್ಲ. ವೈದ್ಯರು ಅದನ್ನೇ ಮೊದಲಿನಿಂದ ಹಾಕಿದರು.

ಮುಗಿದ ಮೇಲೆ ಆಯಿಯದು ಒಂದೇ ತಕರಾರು. "ಕಾಲು ನೆಲಕ್ಕೆ ತಾಗ್ತಿಲ್ಲೆ."

ವೈದ್ಯರು ಕೂಡಲೇ ಅಂಗಡಿಗೆ ಫೋನು ಮಾಡಿದರು. ಅಂಗಡಿಯವನು ವ್ಯಾಟು, ಹರ್ಟ್ಸ್ ಎಂದು ಶುರುಮಾಡುತ್ತಿದ್ದಂತೆ ತಡೆದು, "ಅದೆಲ್ಲ ಇರ್ಲಿ, ಇದಕ್ಕಿಂತ ನಾಲ್ಕು ಇಂಚು ಗಿಡ್ಡದ್ದು ಇದ್ಯಾ?" ಎಂದು ಕೇಳಿದರು.