ಅಂಚೆಡಬ್ಬಿಗಳ ಬಳಿ ಒಂದು ಬ್ರೇಕು

ಇಪ್ಪತ್ತೆರಡು ವರ್ಷದಿಂದ ಶಾಲೆಯ ಮಕ್ಕಳಿಗೆ ಟ್ಯಾಕ್ಸಿ ಓಡಿಸುತ್ತಿದ್ದ ಹಿಲ್ಯಾ ಆ ಭಾನುವಾರ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹಳೆಯ ವ್ಯಾನು ಕೈಕೊಟ್ಟು, ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುವ ಹೊಸ ಕಾರು ಬಂದಿತ್ತು. ನಾಳೆ ಅದರಲ್ಲಿ ಆರು ಮಕ್ಕಳನ್ನು ಕೂರಿಸಿಕೊಂಡು ಗುಡ್ಡ ಇಳಿದು ಸೇತುವೆ ದಾಟಬೇಕು.

ಹಿಮ ತೆಗೆಯುವ ಲಾರಿ ಓಡಿಸಿ ನಿವೃತ್ತನಾದ ನೆರೆಯ ಆರ್ನೆ ಅವಳನ್ನು ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿಗೆ ಕರೆದೊಯ್ದ. ಊರವರೆಲ್ಲ ಗಾಡಿ ಕಲಿತದ್ದೇ ಅಲ್ಲಿ. ಕಾರು ತುಸುವೂ ಹೊಯ್ದಾಡದೆ ಹೊರಟಿತು.

"ಜಾರ್ತಾನೇ ಇಲ್ವಲ್ಲ," ಎಂದಳು ಹಿಲ್ಯಾ.

"ಹೌದಾ? ದಾರಿ ಗುರುತಿಗೆ ನೆಟ್ಟಿರೋ ಆ ಕೊಂಬೆ ಹತ್ರ ನಿಲ್ಸು ನೋಡೋಣ."

ಅವಳು ಬ್ರೇಕು ಒತ್ತಿದಳು. ಕಾಲಡಿ ಪೆಡಲು ಗಡಗಡ ನಡುಗಿತು. ಕೊಂಬೆ ಕಿಟಕಿಯ ಪಕ್ಕದಲ್ಲೇ ಹಿಂದೆ ಸರಿದುಹೋಯಿತು, ಕಾರು ಇನ್ನೂ ಜಾರುತ್ತಲೇ ಇತ್ತು.

"ಹೊರಡೋದಕ್ಕೆ ಇದು ಶೂರ. ನಿಲ್ಲೋ ವಿಷಯದಲ್ಲಿ ನಿನ್ನ ವ್ಯಾನಿಗೂ ನಾಲ್ಕೇ ಚಕ್ರ, ಇದಕ್ಕೂ ನಾಲ್ಕೇ," ಎಂದ ಆರ್ನೆ.

ಹಳೆಯ ವ್ಯಾನನ್ನು ಎಳೆಯುತ್ತಿದ್ದದ್ದು ಹಿಂದಿನ ಚಕ್ರಗಳು. ಬೆಳಿಗ್ಗೆ ಅಂಗಳ ದಾಟುವಾಗ ಅದರ ಹಿಂಭಾಗ ಎಷ್ಟು ಅಲ್ಲಾಡಿತೆಂದು ನೋಡಿಯೇ ಅವಳು ಆ ದಿನದ ವೇಗ ಗೊತ್ತುಮಾಡುತ್ತಿದ್ದಳು. ಬೈದುಕೊಂಡೇ ಅದರ ಮಾತು ಕೇಳುತ್ತಿದ್ದಳು.

"ಇದು ಏನೂ ಹೇಳೋದೇ ಇಲ್ವಲ್ಲೋ."

"ನೀನೇ ಕೇಳ್ಬೇಕು. ಮಕ್ಕಳು ಹತ್ತೋ ಮುಂಚೆ, ಯಾರೂ ಇಲ್ಲದ ಕಡೆ ಒಂದ್ಸಲ ಬ್ರೇಕ್ ಒತ್ತು."

"ನೋಡಿದೋರು ನಗ್ತಾರೆ."

"ನಗ್ಲಿ. ಇಷ್ಟು ವರ್ಷ ಆ ವ್ಯಾನ್ ಸೊಂಟ ಕುಣಿಸೋದು ನೋಡಿ ನಕ್ಕಿಲ್ವಾ?"

ರಾತ್ರಿ ಸಣ್ಣ ಮಳೆ ಬಿದ್ದು ಹೆಪ್ಪುಗಟ್ಟಿ ರಸ್ತೆ ಗಾಜಾಗಿತ್ತು. ಆದರೂ ಬೆಳಿಗ್ಗೆ ಕಾರು ಬೇಸಿಗೆಯಲ್ಲಿ ಹೋದಂತೆಯೇ ಅಂಗಳ ದಾಟಿತು, ಹಿಲ್ಯಾ ಇನ್ನೇನು ಅದನ್ನು ನಂಬಿಬಿಡುತ್ತಿದ್ದಳು. ಊರಿನ ಮನೆಮನೆಯ ಅಂಚೆಡಬ್ಬಿಗಳು ಸಾಲಾಗಿ ನಿಂತಲ್ಲಿ, ನಾಚಿಕೆಪಡುತ್ತಲೇ ಬ್ರೇಕು ಒತ್ತಿದಳು. ಕಾರು ಇಡೀ ಸಾಲನ್ನು ದಾಟಿ ನಿಂತಿತು.

ಮಕ್ಕಳನ್ನು ಹತ್ತಿಸಿಕೊಂಡು ನಡಿಗೆಯ ವೇಗದಲ್ಲಿ ಗುಡ್ಡ ಇಳಿಯತೊಡಗಿದಳು.

"ಹೊಸ ಕಾರು ಹಳೇದಕ್ಕಿಂತ ನಿಧಾನಾನಾ?" ಎಂದು ಕೇಳಿದಳು ಒಂದನೇ ತರಗತಿಯ ಸೀರಿ.

"ಹೂಂ ಪುಟ್ಟಿ, ಇವತ್ತು ನಿಧಾನ."

ತಿರುವು ಕಳೆದರೆ, ಹಾಲಿನ ಲಾರಿ ಜಾರಿ ಸೇತುವೆಗೆ ಅಡ್ಡಲಾಗಿ ನಿಂತಿತ್ತು. ಹಿಲ್ಯಾ ಬ್ರೇಕು ಒತ್ತಿದಳು. ಪೆಡಲು ನಡುಗಿತು, ಅವಳು ಕಾಲು ತೆಗೆಯಲಿಲ್ಲ. ಕಾರು ಜಾರಿತು, ಜಾರಿ ನಿಂತಿತು.

"ಶಾಲೆಗೆ ಲೇಟಾಗುತ್ತೆ," ಎಂದಳು ಸೀರಿ.

"ಆಗ್ಲಿ," ಎಂದಳು ಹಿಲ್ಯಾ. ಗಾಜಿನಾಚೆ ನೋಡಿ ಕಣ್ಣಲ್ಲೇ ಅಳೆದಳು. ಕಾರಿಗೂ ಲಾರಿಗೂ ನಡುವೆ ಉಳಿದ ಜಾಗ ಅಂಚೆಡಬ್ಬಿಗಳ ಸಾಲಿಗಿಂತ ಚಿಕ್ಕದಿತ್ತು.