ಜೇನಕ್ಕನ ಹೊಸ ಪೆಟ್ಟಿಗೆ

ಮನೆಯಲ್ಲೇ ಬಡಗಿ ಇದ್ದಾನೆ. ಮೂವತ್ತೊಂದು ವರ್ಷದಿಂದ ಕಾರ್ಖಾನೆಯೊಂದರಲ್ಲಿ ಬಾಗಿಲು, ಕಿಟಕಿ ಮಾಡುತ್ತಿದ್ದಾನೆ. ಅವನ ಕೈಯಿಂದ ಹೋದ ಮಾಲು ಒಂದು ದಿನವೂ ವಾಪಸ್ ಬಂದದ್ದಿಲ್ಲ. ಅಂಥ ತಮ್ಮನನ್ನು ಬಿಟ್ಟು ಅಕ್ಕ ಜೇನುಪೆಟ್ಟಿಗೆಯನ್ನು ಅಂಗಡಿಯಿಂದ ತರಿಸಿದಳು, ಅದೂ ರಟ್ಟಿನ ಡಬ್ಬಿಯಲ್ಲಿ, ತುಂಡು ತುಂಡಾಗಿ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಈ ಒಂದು ವಿಷಯದಲ್ಲಿ ಬಡಗಿಯ ಸಿಟ್ಟು ಇನ್ನೂ ಹಾಗೇ ಇದೆ.

ಮಾಡಿಕೊಡುತ್ತೇನೆ ಅಂತ ಅವನು ಮೂರು ವರ್ಷ ಹೇಳಿದ್ದು ನಿಜ. ಅವಳ ಹಳೆಯ ಪೆಟ್ಟಿಗೆಯ ತಳ ಕೊಳೆತು, ಮೂಲೆಯಲ್ಲಿ ಬೆರಳು ತೂರುವಷ್ಟು ತೂತು ಬಿದ್ದು, ಅವಳು ಅದಕ್ಕೆ ಬಟ್ಟೆ ತುರುಕಿದ್ದೂ ನಿಜ. ಆದರೆ ಇನ್ನೊಂದು ವರ್ಷ ಕಾದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಇದು ಅವನ ವಾದ. ಈ ವಾದವನ್ನು ಅವನು ಹೆಂಡತಿಯ ಮುಂದೆ, ಕಾರ್ಖಾನೆಯ ಟೀ ಹೊತ್ತಿನಲ್ಲಿ, ಒಮ್ಮೆ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರ ಮುಂದೆಯೂ ಮಾಡಿದ್ದಾನೆ. ಕಾರ್ಖಾನೆಯಲ್ಲಿ ಅವನ ಬೆನ್ನ ಹಿಂದೆ ಅವನನ್ನು ಕೆಂಡ ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ.

ಅಕ್ಕ ಎರಡು ಬೀದಿ ಆಚೆ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಲಾಂಡ್ರಿಯೊಂದರಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಮಾಡಿ ಮಾಡಿ ಕೈ ನಡುಕ ಬಂದಿತ್ತು. ಗಂಡ ಸತ್ತ ವರ್ಷ, ಲಾಂಡ್ರಿಯ ಹಿಂದಿನ ಗೋಡೆಯಲ್ಲಿ ನೇತಾಡುತ್ತಿದ್ದ ಜೇನಿನ ಗುಂಪೊಂದನ್ನು ಬೆಂಕಿ ಹಚ್ಚಿ ಓಡಿಸಬೇಕು ಅಂತ ಎಲ್ಲರೂ ಹೊರಟಾಗ, ಇವಳು ದಿಂಬಿನ ಚೀಲದಲ್ಲಿ ಅದನ್ನು ಇಳಿಸಿ ತನ್ನ ತಾರಸಿಗೆ ತಂದಿದ್ದಳು. ಹತ್ತೊಂಬತ್ತು ವರ್ಷ ಅದೇ ಸಂಸಾರ ನಡೆದುಕೊಂಡು ಬಂದಿತ್ತು. ತಾಯಿ ಹೋದರೆ ಮಗಳು ರಾಣಿ, ಮಗಳು ಹೋದರೆ ಮೊಮ್ಮಗಳು. ಸುತ್ತಮುತ್ತ ಜೇನು ಸಾಕುವವರೆಲ್ಲ ಸಂಶಯ ಬಂದರೆ ಅವಳ ಮೆಟ್ಟಿಲು ಹತ್ತುತ್ತಿದ್ದರು. ಹೆಸರು ಹಿಡಿದು ಕರೆಯುವುದೇ ಬಿಟ್ಟುಹೋಗಿ ಅವಳು ಎಲ್ಲರ ಬಾಯಲ್ಲಿ ಜೇನಕ್ಕ ಆಗಿದ್ದಳು. ಮಕ್ಕಳಿರಲಿಲ್ಲ. ಇದ್ದದ್ದು ಆ ಹೆಸರು, ಆ ಒಂದು ಪೆಟ್ಟಿಗೆ.

ಅಂಗಡಿಯವರಿಗೆ ಅವಳು ತಮ್ಮನ ಮನೆಯ ವಿಳಾಸ ಕೊಟ್ಟಿದ್ದಳು. ರಜೆಯ ದಿನ ಬೆಳಿಗ್ಗೆ ಡಬ್ಬಿ ಬಂದು ಬಾಗಿಲಲ್ಲಿ ಕೂತಿತು. ಅದರ ಹಿಂದೆಯೇ ಅವಳೂ ಬಂದಳು.

"ಇದೇನಕ್ಕ ಇದು?"

"ಪೆಟ್ಟಿಗೆ ಕಣೋ. ಎಲ್ಲಾ ಕೊಯ್ದು, ತೂತು ಹಾಕಿ ಕಳಿಸಿದಾರೆ. ಸೇರಿಸಿ ಮೊಳೆ ಹೊಡೆದರಾಯ್ತು. ನನ್ನ ಕೈ ನೋಡಿದೀಯಲ್ಲ, ಸುತ್ತಿಗೆ ಹಿಡಿದರೆ ಮೊಳೆ ಒಂದನ್ನ ಬಿಟ್ಟು ಊರಿಗೆಲ್ಲ ಹೊಡೀತೀನಿ."

"ಬರೀ ಸೇರಿಸೋಕೆ ನಾನು ಯಾಕೆ? ನಿನ್ನ ಕೆಳಗೆ ಚಪ್ಪಲಿಯವನಿದಾನಲ್ಲ, ಅವನೂ ಮೊಳೆ ಹೊಡೀತಾನೆ."

"ಅವನು ಅದಕ್ಕೆ ಹಿಮ್ಮಡಿ ಕಟ್ಟಿಬಿಡ್ತಾನೆ. ಸುಮ್ನಿರೋ. ಒಳಗೆ ಚೀಟಿ ಇದೆ, ಅದರಲ್ಲಿ ಹೇಗಿದೆಯೋ ಹಾಗೆ ಮಾಡು, ಸಾಕು."

ಚೀಟಿ ಅಂದದ್ದೇ ತಪ್ಪಾಯಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಓದಲು ಬರುತ್ತದೆ, ಆದರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಆಡಿಸಿಕೊಂಡು ಓದಬೇಕು. ಅದನ್ನು ಯಾರೂ ನೋಡಕೂಡದು. ಅಕ್ಕ ತನ್ನ ಮನೆಗೆ ಹೋದ ಮೇಲೆ ಆ ಹಾಳೆಯನ್ನು ಮಡಿಸಿ ಸಲಕರಣೆ ಪೆಟ್ಟಿಗೆಯ ತಳಕ್ಕೆ ಹಾಕಿದ.

"ರೀ, ಒಂದ್ಸಲ ಓದಿಯಾದರೂ ನೋಡಿ," ಅಂದಳು ಹೆಂಡತಿ.

"ಅದನ್ನ ಬರೆದವನು ಒಂದು ದಿನವೂ ಉಜ್ಜುಗೊರಡು ಹಿಡಿದೋನಲ್ಲ. ನೀನು ನಿನ್ನ ಕೆಲಸ ನೋಡ್ಕೋ."

ಹಿಂದಿನ ಕೋಣೆಯಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ತುಂಡುಗಳನ್ನು ಹರಡಿಕೊಂಡ. ಅರವತ್ತೆರಡು ತುಂಡು, ಎರಡು ಪೊಟ್ಟಣ ಮೊಳೆ. ಅಡಿಹಲಗೆ, ಮರಿಗಳ ಕೋಣೆ, ಅದರ ಮೇಲೆ ಜೇನುತುಪ್ಪದ ಕೋಣೆ, ಮುಚ್ಚಳ, ಒಳಗೆ ಇಳಿಬಿಡುವ ಚೌಕಟ್ಟುಗಳು. ಒಂದು ಹಲಗೆ ಎತ್ತಿ ಉಗುರು ಒತ್ತಿದ. ಉಗುರು ಒಳಗಿಳಿಯಿತು. ಇದು ಮರವೇ, ಬ್ರೆಡ್ಡೇ ಅಂತ ಬೈದ. ಆದರೂ ಕೈ ಸುಮ್ಮನಿರಲಿಲ್ಲ. ಮರ ಕೊಯ್ದ ಮಿಲ್ಲಿನವರು ಒರಟಾಗಿ ಬಿಟ್ಟಿದ್ದ ಅಂಚುಗಳನ್ನೆಲ್ಲ ತೀಡಿದ. ಮೂಲೆಗಳಿಗೆ ಮೂಲೆಮಟ್ಟ ಇಟ್ಟು ನೋಡಿ, ಗೋಂದು ಹಚ್ಚಿ, ಒಂದು ಮೊಳೆ ಸಾಕು ಅನ್ನುವಲ್ಲಿ ಎರಡು ಹೊಡೆದ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಎದ್ದು ನಿಂತಾಗ ಅದರ ಮೂಲೆಯಲ್ಲಿ ಒಂದು ಕೂದಲೂ ತೂರುವಂತಿರಲಿಲ್ಲ.

ಆಮೇಲೆ ಅವನು ಮಾಡಿದ್ದು, ಯಾವ ಮರ ಕೈಗೆ ಬಂದರೂ ಕೆಲಸ ಕಲಿತಂದಿನಿಂದ ಮಾಡಿಕೊಂಡು ಬಂದದ್ದನ್ನೇ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಗೆದ್ದಲು ಔಷಧಿ ಹಚ್ಚದೆ ಒಂದು ಚೌಕಟ್ಟನ್ನೂ ಹೊಸಿಲು ದಾಟಿಸುತ್ತಿರಲಿಲ್ಲ. ಹೊರಗೆ ಒಂದು ಕೈ, ಕಣ್ಣಿಗೆ ಕಾಣದ ಕಡೆ ಎರಡು ಕೈ. ಹುಳ ಬರುವುದು ಕಾಣದ ಕಡೆಯಿಂದಲೇ ಅಂತ ಆ ಮೇಸ್ತ್ರಿಯ ಲೆಕ್ಕ. ಬಡಗಿ ಡಬ್ಬ ತೆಗೆದು ಹೊರಗೆ ಒಂದು ಕೈ ಹಚ್ಚಿದ, ಒಳಗೆ ಎರಡು ಕೈ. ಹೆಂಡತಿ ಆಗ ಕೆಲಸಕ್ಕೆ ಹೋಗಿದ್ದಳು. ಇಷ್ಟು ಮೆತ್ತಗಿನ ಮರ ಔಷಧಿಯನ್ನು ನೀರು ಕುಡಿದಂತೆ ಕುಡಿಯಿತು. ಒಣಗಿದ ಮೇಲೆ ಗುರುತೂ ಉಳಿಯಲಿಲ್ಲ. ಪೆಟ್ಟಿಗೆಯೊಳಗೆ ಬದುಕುವುದೂ ಹುಳವೇ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಅವನ ಮನಸ್ಸಿನಲ್ಲಿ ಅದು ಪೆಟ್ಟಿಗೆ, ಅಕ್ಕ ಮತ್ತೆ ಅಂಗಡಿಯ ಕಡೆ ತಲೆ ಹಾಕದಂತೆ ಇಪ್ಪತ್ತು ವರ್ಷ ಬಾಳಬೇಕಾದ ಪೆಟ್ಟಿಗೆ.

ಮರುದಿನ ಸಂಜೆ ಚೌಕಟ್ಟುಗಳನ್ನು ಇಳಿಬಿಟ್ಟು ನೋಡಿದರೆ ಪಕ್ಕದಲ್ಲಿ ಸಂದಿ, ಅಲ್ಲಾಡುತ್ತಿವೆ. ಮಿಲ್ಲಿನವರಿಗೆ ಅಳತೆ ಬರುವುದಿಲ್ಲ ಎಂದು ಗೊಣಗಿಕೊಂಡು, ತೆಳ್ಳನೆಯ ಹದಿನಾರು ಪಟ್ಟಿ ಸೀಳಿ ಸಂದಿಗಳನ್ನೆಲ್ಲ ಬಿಗಿ ಮಾಡಿದ. ಅಷ್ಟರಲ್ಲಿ ಅಕ್ಕ ಬಂದಳು. ಬಗ್ಗಿ ನೋಡಿದಳು.

"ಈ ಪಟ್ಟಿ ಯಾಕೋ ಹೊಡೆದೆ?"

"ಗಡಗಡ ಅಲ್ಲಾಡ್ತಿತ್ತು."

"ಅಯ್ಯೋ ಪೆದ್ದೇ, ಆ ಸಂದಿ ಬೇಕು ಕಣೋ. ಅದು ಅವುಗಳ ಓಣಿ. ಓಣಿ ಮುಚ್ಚಿಬಿಟ್ಟರೆ ಅವು ಎಲ್ಲಿ ಓಡಾಡಬೇಕು, ನಿನ್ನ ತಲೆ ಮೇಲಾ?"

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕುಬಿಟ್ಟಳು. "ಚೀಟಿ ಓದಿ ಅಂತ ಬಡಕೊಂಡೆ ಅತ್ತಿಗೆ. ನನ್ನ ಮಾತು ಯಾವಾಗ ಕೇಳಿದಾರೆ?"

ಅವನ ಕಿವಿ ಕೆಂಪಾಯಿತು. ಇಕ್ಕಳ ತಂದು ಹದಿನಾರು ಪಟ್ಟಿಯನ್ನೂ ಒಂದೊಂದಾಗಿ ಕಿತ್ತು ಗೋಡೆಗೆ ಎಸೆದ. ಆಗ ಅಕ್ಕ ಪೆಟ್ಟಿಗೆಯ ಒಳಗೆ ಮುಖವಿಟ್ಟು ಮೂಸಿದಳು.

"ಏನೋ ವಾಸನೆ. ಒಳಗೆ ಏನಾದರೂ ಹಚ್ಚಿದೀಯಾ?"

ಒಂದೇ ಸಂಜೆಗೆ ಎರಡನೇ ತಪ್ಪು. ಹೆಂಡತಿ ಇನ್ನೂ ಬಾಗಿಲಲ್ಲೇ ಇದ್ದಳು.

"ಗೋಂದು," ಅಂದ. "ಹೊಸ ಗೋಂದು ಹಾಗೇ. ನಾಲ್ಕು ದಿನ ಬಿಸಿಲಲ್ಲಿಟ್ಟರೆ ಹೋಗುತ್ತೆ."

"ಗೋಂದೇ ತಾನೇ?"

"ಗೋಂದೇ ಅಂದ್ನಲ್ಲ. ನಂಬಿಕೆ ಇಲ್ಲದಿದ್ದರೆ ತಗೊಂಡು ಹೋಗಿ ಅಂಗಡಿಯವನಿಗೇ ಕೊಡು."

"ಆಯ್ತು ಮಾರಾಯ, ಹಾರಾಡಬೇಡ," ಎಂದು ಅವಳು ಅವನ ಬೆನ್ನು ತಟ್ಟಿದಳು.

ಅವಳು ನಾಲ್ಕು ದಿನವಲ್ಲ, ಆರು ದಿನ ಬಿಸಿಲಲ್ಲಿಟ್ಟಳು. ವಾಸನೆ ಹೋಯಿತು. ಏಳನೇ ದಿನ ಹತ್ತು ಗಂಟೆಯ ಬಿಸಿಲಿಗೆ, ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ಸಂಸಾರ ಬದಲಾಯಿಸಿದಳು. ಟೀ ಲೋಟ ಹಿಡಿದರೆ ಅರ್ಧ ಚೆಲ್ಲುವ ಕೈ ಜೇನಿನ ಒಳಗೆ ಹೋದಾಗ ನಡುಗುತ್ತಿರಲಿಲ್ಲ. ನೊಣ ತುಂಬಿದ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ, ರಾಣಿಯನ್ನು ಹುಡುಕಿ ತೋರಿಸಿ, ಹೊಸ ಚೌಕಟ್ಟುಗಳ ನಡುವೆ ಇಳಿಸಿದಳು. ಹೊಸ ಮನೆಗೆ ಹೊಂದಿಕೊಳ್ಳಲಿ ಅಂತ ಒಂದು ಬಟ್ಟಲು ಸಕ್ಕರೆ ಪಾಕ ಇಟ್ಟು ಮುಚ್ಚಳ ಹಾಕಿದಳು. "ಅರಮನೆ ಕಟ್ಟಿಕೊಟ್ಟೆ ಕಣೋ," ಅಂದಳು. ಮೂರು ವರ್ಷದ ಮಾತು ತೀರಿತು ಅನಿಸಿ ಅವನ ಎದೆ ಹಗುರವಾಯಿತು.

ಮೂರನೇ ದಿನ ಅವಳು ಹೇಳಿಕಳಿಸಿದಳು. ಅವನು ಹೋದಾಗ ಅವಳು ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಪೆಟ್ಟಿಗೆಯ ಬಾಯಿಂದ ನೊಣಗಳು ನಡೆದು ಹೊರಬರುತ್ತಿದ್ದವು. ರೆಕ್ಕೆ ಬಡಿದು, ಏಳಲಾರದೆ, ಬೆನ್ನಿನ ಮೇಲೆ ಬಿದ್ದು ಗಿರಗಿರ ತಿರುಗುತ್ತಿದ್ದವು. ಮುಚ್ಚಳ ತೆಗೆದರೆ ಅಡಿಹಲಗೆಯ ಮೇಲೆ ಒಂದು ಬೆರಳು ದಪ್ಪ ಸತ್ತ ನೊಣ. ಅವಳು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದಳು.

"ನಾಲಗೆ ನೋಡು, ಚಾಚಿಕೊಂಡಿದೆ. ರೋಗ ಅಲ್ಲ ಇದು. ವಿಷ."

ಅವನಿಗೆ ಆಗ ತಿಳಿಯಿತು. ಬಾಯಿ ತೆರೆದ. ಆದರೆ ಅವಳೇ ಮುಂದುವರಿಸಿದಳು.

"ನಾನೇ ಕಣೋ. ಪಾಕ ಕಲಸಿದ ಬಟ್ಟಲು. ಹಿಂದಿನ ವಾರ ಅದರಲ್ಲೇ ನೆಲ ತೊಳೆಯೋ ಔಷಧಿ ಅಳೆದಿದ್ದೆನೋ ಏನೋ. ಯೋಚನೆ ಮಾಡ್ತಾನೇ ಇದೀನಿ, ಜ್ಞಾಪಕ ಬರ್ತಿಲ್ಲ."

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಔಷಧಿ ಅಂಗಡಿಯವನು ಬಂದ. ಜೇನು ಸಾಕುವುದನ್ನು ಇವಳ ಹತ್ತಿರ ಕಲಿತವನು, ಮೂರು ಪೆಟ್ಟಿಗೆ ಇಟ್ಟವನು. ರಾಶಿ ನೋಡಿದ, ಪೆಟ್ಟಿಗೆಯನ್ನು ಸುತ್ತ ನೋಡಿದ.

"ಜೇನಕ್ಕ, ಈ ಪೆಟ್ಟಿಗೆ ಯಾರು ಮಾಡಿದ್ದು?"

"ನನ್ನ ತಮ್ಮ. ಅದರ ತಂಟೆಗೆ ಹೋಗಬೇಡಪ್ಪ. ಅವನ ಕೆಲಸದಲ್ಲಿ ತಪ್ಪು ಹುಡುಕೋಕೆ ನೀನು ಇನ್ನೊಂದು ಸಲ ಹುಟ್ಟಿ ಬರಬೇಕು. ನಾನೇ ಬಟ್ಟಲು ನೋಡದೆ ಕೊಂದೆ."

"ಒಳಗೆ ಏನೂ ಹಚ್ಚಿಲ್ಲ ತಾನೇ?" ಅಂತ ಅವನು ಬಡಗಿಯ ಕಡೆ ತಿರುಗಿದ.

ಬಡಗಿ ಎದ್ದು ನಿಂತ. "ಏನಯ್ಯಾ, ನನ್ನ ಕಸುಬು ನೀನು ಹೇಳಿಕೊಡ್ತೀಯಾ? ಗುಳಿಗೆ ಮಾರೋನು ಗುಳಿಗೆ ಮಾರು."

ಔಷಧಿ ಅಂಗಡಿಯವನು ಮುಖ ತಗ್ಗಿಸಿ ಇಳಿದು ಹೋದ. ತಮ್ಮ, ಅಕ್ಕ ಇಬ್ಬರೂ ಸತ್ತ ನೊಣಗಳನ್ನು ಕಸದ ಮೊರದಲ್ಲಿ ಬಾಚಿ ಚೀಲಕ್ಕೆ ಹಾಕಿದರು. ನಾಲ್ಕು ಮೊರ ಆಯಿತು. ಸತ್ತ ರಾಣಿಯನ್ನು ಅವಳು ಬೇರೆ ತೆಗೆದಿಟ್ಟಳು. ಸಂಜೆಯ ಹೊತ್ತಿಗೆ ತಾರಸಿಯಲ್ಲಿ ಸದ್ದೇ ಇರಲಿಲ್ಲ.

ಮನೆಗೆ ಬಂದು, ಬಚ್ಚಲ ಬಾಗಿಲು ಹಾಕಿಕೊಂಡು, ಆ ಹಾಳೆಯನ್ನು ಬಿಡಿಸಿ ಬೆರಳಿಟ್ಟು ಓದಿದ. ಕೊನೆಯಿಂದ ಮೂರನೇ ಸಾಲಿನಲ್ಲಿ ಇತ್ತು: ಪೆಟ್ಟಿಗೆಯ ಒಳಭಾಗಕ್ಕೆ ಬಣ್ಣ, ಎಣ್ಣೆ, ಔಷಧಿ ಏನನ್ನೂ ಹಚ್ಚಬಾರದು. ಎರಡು ಸಲ ಓದಿದ. ಹರಿದು, ಮೋರಿಗೆ ಹಾಕಿ ನೀರು ಹೊಯ್ದು, ಹೊರಗೆ ಬಂದು, ಊಟಕ್ಕೆ ಉಪ್ಪು ಕಡಿಮೆಯಾಯಿತು ಅಂತ ಹೆಂಡತಿಯ ಮೇಲೆ ಎಗರಾಡಿದ.

ನಾಳೆ ಹೇಳಿದರಾಯಿತು ಅಂತ ಅಂದುಕೊಂಡ. ಹಾಗೆ ಅಂದುಕೊಂಡೇ ಒಂದೂವರೆ ವರ್ಷ ಕಳೆಯಿತು. ಆ ಒಂದೂವರೆ ವರ್ಷದಲ್ಲಿ ಅಕ್ಕ ಏನಾದಳು ಎಂಬುದನ್ನು ಅವನು ವಾರ ವಾರವೂ ನೋಡಿದ. ಅವಳಿಗೆ ತನ್ನ ಮೇಲಿನ ನಂಬಿಕೆಯೇ ಹೊರಟುಹೋಯಿತು. ಅಡುಗೆಮನೆಯ ಒಂದೊಂದು ಬಾಟಲಿಯನ್ನೂ ತೆರೆದು ಮೂಸಿ, ನೀನೂ ಒಂದ್ಸಲ ನೋಡು ಎಂದು ತಮ್ಮನ ಹೆಂಡತಿಗೂ ಮೂಸಲು ಕೊಡುತ್ತಿದ್ದಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಹೋಗುತ್ತಿದ್ದಳು. ಔಷಧಿ ಅಂಗಡಿಯವನು ತನ್ನದರಲ್ಲಿ ಒಂದು ಸಂಸಾರ ಒಡೆದು ಕೊಡುತ್ತೇನೆಂದು ಬಂದಾಗ, "ಬೇಡಪ್ಪ, ಅವನ್ನೂ ಕೊಂದುಬಿಡ್ತೀನಿ" ಎಂದು ಕಳಿಸಿಬಿಟ್ಟಳು. ಹೊಗೆ ಡಬ್ಬಿ, ಮುಖದ ಪರದೆ, ಚಾಕು, ಎಲ್ಲವನ್ನೂ ಅವನಿಗೇ ಕೊಟ್ಟಳು. ಸಂಶಯ ಕೇಳಲು ಬರುವವರು ಕಡಿಮೆಯಾಗಿ, ಕೊನೆಗೆ ಯಾರೂ ಬರಲಿಲ್ಲ. ಬಟ್ಟಲು ಗೊತ್ತಾಗದವಳಿಗೆ ಜೇನೇನು ಗೊತ್ತಾದೀತು ಅಂತ ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಅಂದವನ ಕೊರಳಪಟ್ಟಿ ಹಿಡಿದ. ಹಿಡಿದು, ಹಾಗೇ ಬಿಟ್ಟ.

ಆಸ್ಪತ್ರೆಯಲ್ಲಿ ಅವಳು ಒಂಬತ್ತು ದಿನ ಇದ್ದಳು. ಎದೆಯಲ್ಲಿ ನೀರು ತುಂಬಿತ್ತು. ಒಂದು ಮಧ್ಯಾಹ್ನ, ಪಕ್ಕದ ಹಾಸಿಗೆಯವರು ಊಟ ಮಾಡುತ್ತಿದ್ದಾಗ, ಅವಳು ಅವನ ಕೈ ಹಿಡಿದಳು. ಈ ಸಲ ಹೇಳಿಯೇಬಿಡಬೇಕು ಅಂತ ಅವನು ಬೆಳಿಗ್ಗೆಯಿಂದ ಗಟ್ಟಿ ಮಾಡಿಕೊಂಡು ಬಂದಿದ್ದ.

"ಅಕ್ಕ," ಅಂದ.

"ನೀನು ಸ್ವಲ್ಪ ಸುಮ್ನಿರು. ನಾನು ಹೇಳೋದಿದೆ." ಮಾತಿನ ಮಧ್ಯೆ ಅವಳು ಉಸಿರಿಗೆ ನಿಲ್ಲುತ್ತಿದ್ದಳು. "ಅಷ್ಟು ಚೆನ್ನಾಗಿ ಪೆಟ್ಟಿಗೆ ಮಾಡಿಕೊಟ್ಟೆ. ಮೂರು ದಿನಕ್ಕೆ ಹಾಳು ಮಾಡಿಬಿಟ್ಟೆ ನಾನು. ನಿನಗೆ ಎಷ್ಟು ಬೇಜಾರಾಯ್ತು ಅಂತ ನಂಗೊತ್ತು. ಅವತ್ತಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ. ಮನಸ್ಸಲ್ಲಿ ಇಟ್ಕೋಬೇಡ ಕಣೋ. ತಪ್ಪಾಯ್ತು ಅನ್ಕೋ."

ಪಕ್ಕದ ಹಾಸಿಗೆಯಲ್ಲಿ ಚಮಚ ತಟ್ಟೆಗೆ ತಾಗುವ ಸದ್ದು. ಅವನು ಕಿಟಕಿಯ ಚೌಕಟ್ಟು ನೋಡಿದ, ನೆಲ ನೋಡಿದ.

"ಇರಲಿ ಬಿಡಕ್ಕ," ಅಂದ.

ಅವಳು ಕಣ್ಣು ಮುಚ್ಚಿಕೊಂಡಳು. ಮುಖ ಸ್ವಲ್ಪ ಸಡಿಲವಾಯಿತು. ಅದಾದ ನಾಲ್ಕನೇ ದಿನ ಹೋದಳು.

ಈಗಲೂ ಅವನು ಕೆಲಸಕ್ಕೆ ಹೋಗುತ್ತಾನೆ. ಔಷಧಿ ಅಂಗಡಿಯ ಮುಂದೆ ಹೋಗುವುದು ತಪ್ಪಿಸಲು ಒಂದು ಬೀದಿ ಸುತ್ತಿ ನಡೆಯುತ್ತಾನೆ. ಅಂಗಡಿಯಿಂದ ಪೆಟ್ಟಿಗೆ ತರಿಸಿದಳಲ್ಲ ಅಂತ ಅಕ್ಕನನ್ನು ಬೈಯುತ್ತಾನೆ. ಬೈದಷ್ಟು ಹೊತ್ತು ಮಿಕ್ಕದ್ದು ನೆನಪಿಗೆ ಬರುವುದಿಲ್ಲ. ಅವನು ಕೇಳಬೇಕಾಗಿದ್ದ ಕ್ಷಮೆಯನ್ನು ಅವಳು ಕೇಳಿದಳು, ಅವನು ದೊಡ್ಡ ಮನಸ್ಸು ಮಾಡಿದವನಂತೆ ಅದನ್ನು ತೆಗೆದುಕೊಂಡ. ಆ ಕ್ಷಮೆ ಇನ್ನೂ ಅವನ ಹತ್ತಿರವೇ ಇದೆ.